ಮುಖ್ಯ ಗುಂಪಿನ ಧಾತುಗಳಲ್ಲಿ ಅಪೂರ್ವ ಬಂಧಗಳು

೧

ಉಪ್ಪು, ಮರಳು, ಸುಣ್ಣ, ಗಂಧಕ, ತವರ, ಸೀಸ ಇವುಗಳನ್ನು ಅರಿಯದ ಮನೆಯಿಲ್ಲ. ಇವುಗಳಿಗೆ ಮೂಲವಾದ ಧಾತುಗಳೆಲ್ಲ ರಸಾಯನಶಾಸ್ತ್ರದ ಆವರ್ತಕೋಷ್ಟಕದಲ್ಲಿ ಎಡಗಡೆಯ ಎರಡು ನಿಲುಸಾಲುಗಳಲ್ಲಿಯೂ ಬಲಗಡೆಯ ಆರು ನಿಲುಸಾಲುಗಳಲ್ಲಿಯೂ ನೆಲೆಸಿವೆ. ಈ ಎಂಟು ಸಾಲುಗಳ ಧಾತುಗಳನ್ನು ಮುಖ್ಯ ಗುಂಪಿನ ಧಾತುಗಳೆಂದು ಕರೆಯುವುದು ವಾಡಿಕೆ. ಅವುಗಳ ನಡುವಣ ಕಬ್ಬಿಣ, ನಿಕ್ಕಲ್, ಪಲ್ಲಾಡಿಯಂ, ಪ್ಲಾಟಿನಂ ಮುಂತಾದವು ಸಂಕ್ರಮಣ ಧಾತುಗಳು. ಭೂಮಿಯ ಹೊರಚಿಪ್ಪಿನಲ್ಲಿ ತೂಕದ ಲೆಕ್ಕದಿಂದ ಮೊದಲ ಮೂರು ಸ್ಥಾನಗಳನ್ನು ಪಡೆದಿರುವ ಆಮ್ಲಜನಕ, ಸಿಲಿಕಾನ್, ಅಲ್ಯೂಮಿನಿಯಂಗಳು ಮುಖ್ಯ ಗುಂಪಿಗೇ ಸೇರಿದವು.

ಪರಿಚಯ ಅತಿಯಾದಲ್ಲಿ ಕುತೂಹಲ ಕುಂದುವುದು ಲೋಕರೂಢಿ. ಇಪ್ಪತ್ತನೆಯ ಶತಮಾನದ ನಡುಗಾಲದ ಹೊತ್ತಿಗೆ ಈ ಧಾತುಗಳ ವಿಷಯದಲ್ಲಿ ತಿಳಿಯತಕ್ಕುದೆಲ್ಲ ಹೆಚ್ಚುಕಡಿಮೆ ತಿಳಿದಾಯಿತೆಂಬ ಭಾವನೆ ಅನೇಕರಲ್ಲಿ ಬೇರೂರಿತ್ತು. ಯಾವ ಧಾತುವು ಎಷ್ಟು ಬಂಧಗಳನ್ನು ಕಟ್ಟಿಕೊಳ್ಳಬಲ್ಲದು, ಎಂಥದನ್ನು ಕಟ್ಟಿಕೊಳ್ಳಲಾರದು ಎಂಬುದಕ್ಕೆ ನಿಯಮಗಳು ಸಿದ್ಧವಾಗಿದ್ದವು. ಆ ನಿಯಮಗಳಲ್ಲಿ ಕೆಲವು ಕಳೆದ ಆರೇಳು ದಶಕಗಳಲ್ಲಿ ಒಂದೊಂದಾಗಿ ಸಡಿಲಗೊಂಡಿವೆ. ಅವು ಹೇಗೆ ಸಡಿಲಗೊಂಡವು, ಆ ಮೇಲೆ ಉಳಿದುದೇನು ಎಂಬುದನ್ನು ವಿಜ್ಞಾನವನ್ನು ವೃತ್ತಿಯಾಗಿ ಕೈಗೊಳ್ಳದ ವಾಚಕರಿಗೂ ತಿಳಿಯುವಂತೆ ನಿರೂಪಿಸುವುದು ಈ ಲೇಖನದ ಉದ್ದೇಶ. ಲೇಖಕನು ಹಗಲೆಲ್ಲ ಬ್ಯಾಂಕಿನ ಖಾತೆಗಳ ನಡುವೆ ಕಾಲ ಕಳೆಯತಕ್ಕವನಾದುದರಿಂದ ದೃಷ್ಟಾಂತಗಳು ಅಲ್ಲಿಂದಲೇ ಬಂದರೆ ವಾಚಕರು ಮನ್ನಿಸಬೇಕು.

ಮೊದಲು ಬಂಧವೆಂದರೇನೆಂಬುದನ್ನು ನೋಡೋಣ. ಎರಡು ಪರಮಾಣುಗಳು ಒಂದು ಜೋಡಿ ಇಲೆಕ್ಟ್ರಾನುಗಳನ್ನು ಹಂಚಿಕೊಂಡಾಗ ಅವುಗಳ ನಡುವೆ ಬಂಧ ಏರ್ಪಡುವುದೆಂದು ಅಮೆರಿಕೆಯ ಗಿಲ್ಬರ್ಟ್ ಲೂಯಿಸನು ೧೯೧೬ರಲ್ಲಿ ಪ್ರತಿಪಾದಿಸಿದನು. ಒಂದು ಜೋಡಿಯಾದರೆ ಏಕಬಂಧ, ಎರಡಾದರೆ ದ್ವಿಬಂಧ, ಮೂರಾದರೆ ತ್ರಿಬಂಧ. ಆದರೆ ಭಿನ್ನ ಧಾತುಗಳ ಪರಮಾಣುಗಳು ಈ ಜೋಡಿಯನ್ನು ಸಮನಾಗಿ ಅನುಭವಿಸುವುದು ವಿರಳ. ಒಂದರ ಸೆಳೆತ ಹೆಚ್ಚು, ಇನ್ನೊಂದರದು ಕಡಿಮೆ. ಆದುದರಿಂದ ಲೆಕ್ಕದ ಅನುಕೂಲಕ್ಕಾಗಿ ರಸಾಯನಶಾಸ್ತ್ರಜ್ಞರು ಒಂದು ಪದ್ಧತಿಯನ್ನು ಮಾಡಿಕೊಂಡಿದ್ದಾರೆ. ಹಂಚಿಕೊಂಡ ಜೋಡಿಯನ್ನು ಸೆಳೆತ ಹೆಚ್ಚಿರುವ ಪರಮಾಣುವಿನ ಖಾತೆಗೆ ಪೂರ್ತಿಯಾಗಿ ಬರೆಯತಕ್ಕದ್ದು. ಎರಡೂ ಒಂದೇ ಧಾತುವಿನವಾದರೆ ಸರಿಪಾಲು ಮಾಡತಕ್ಕದ್ದು. ಹೀಗೆ ಬರೆದ ಮೇಲೆ ಪ್ರತಿ ಪರಮಾಣುವಿನ ಖಾತೆಯಲ್ಲಿ ತೋರುವ ಶಿಲ್ಕಿಗೆ ಉತ್ಕರ್ಷಣಾಂಕವೆಂದು ಹೆಸರು. ಇಲೆಕ್ಟ್ರಾನಿನ ವಿದ್ಯುದಂಶವು ಋಣವಾದುದರಿಂದ ಇಲ್ಲಿ ಪಡೆದವನಿಗೆ ಋಣ, ಕಳೆದುಕೊಂಡವನಿಗೆ ಧನ ಎಂಬ ವಿಪರೀತವೊಂದುಂಟು. ಮೀಥೇನ್ ವಾಯುವಿನಲ್ಲಿ ಇಂಗಾಲದ ಅಂಕ ಋಣ ನಾಲ್ಕು. ಇಂಗಾಲದ ಡೈಆಕ್ಸೈಡಿನಲ್ಲಿ ಧನ ನಾಲ್ಕು.

ಈ ಅಂಕವು ಬಹೂಪಯೋಗಿಯಾದುದು. ಆದರೆ ಇದು ಲೆಕ್ಕವೇ ಹೊರತು ಅಳತೆಯಲ್ಲ. ಇಂಗಾಲದ ಡೈಆಕ್ಸೈಡಿನ ನಡುವಣ ಪರಮಾಣುವಿನ ಮೇಲೆ ನಾಲ್ಕು ಪೂರ್ಣ ಧನಾಂಶಗಳು ಕುಳಿತಿಲ್ಲ. ರಸಾಯನಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘವು ೨೦೧೬ರಲ್ಲಿ ಉತ್ಕರ್ಷಣಾಂಕದ ಲಕ್ಷಣವನ್ನು ಪರಿಷ್ಕರಿಸಿದಾಗಲೂ, ಬಂಧಗಳನ್ನು ಪೂರ್ತಿ ವಿದ್ಯುದ್ವಿಭಾಗವಾದವೆಂದು ಭಾವಿಸಿಕೊಂಡರೆ ಉಳಿಯುವ ಅಂಶವೆಂದೇ ಅದನ್ನು ನಿರ್ದೇಶಿಸಿತು. ಭಾವಿಸಿಕೊಂಡರೆ ಎಂಬ ಮಾತನ್ನು ವಾಚಕರು ಗಮನದಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

೨

ಖಾತೆ ತಾಳೆಯಾದರೂ ವಸ್ತುಸ್ಥಿತಿ ಬೇರೆಯಾಗಿರಬಹುದೆಂಬುದನ್ನು ಬ್ಯಾಂಕಿನವರಿಗೆ ಹೇಳಬೇಕಾಗಿಲ್ಲ. ಗ್ಯಾಲಿಯಂ ಎಂಬ ಲೋಹದ ಡೈಕ್ಲೋರೈಡನ್ನು ತೆಗೆದುಕೊಳ್ಳಿ. ಒಂದು ಗ್ಯಾಲಿಯಂ ಪರಮಾಣುವಿಗೆ ಎರಡು ಕ್ಲೋರಿನ್ ಪರಮಾಣುಗಳಾದುದರಿಂದ ಗ್ಯಾಲಿಯಂನ ಅಂಕ ಧನ ಎರಡೆಂದು ಹೇಳಬೇಕಾಗುತ್ತದೆ. ಆದರೆ ಹರಳಿನೊಳಗೆ ಅಂಥ ಪರಮಾಣು ಒಂದೂ ಇಲ್ಲ. ಅರ್ಧದಷ್ಟು ಪರಮಾಣುಗಳು ಧನ ಒಂದರವು. ಉಳಿದರ್ಧ ಧನ ಮೂರರವು, ಒಂದೊಂದೂ ನಾಲ್ಕು ಕ್ಲೋರಿನ್‌ಗಳಿಂದ ಸುತ್ತುವರಿಯಲ್ಪಟ್ಟವು. ಎರಡೆಂಬುದು ಬರಿಯ ಸರಾಸರಿ. ಒಬ್ಬನಲ್ಲಿ ಒಂದು ರೂಪಾಯಿ, ಇನ್ನೊಬ್ಬನಲ್ಲಿ ಮೂರು ರೂಪಾಯಿ ಇದ್ದರೆ ಇಬ್ಬರಲ್ಲಿಯೂ ಎರಡೆರಡು ಇದೆಯೆಂದು ಹೇಳಿದಂತೆ.

ಇದಕ್ಕೆ ಭಿನ್ನವಾದ ಇನ್ನೊಂದು ಬಗೆಯನ್ನು ಪಾದರಸದಲ್ಲಿ ಕಾಣುತ್ತೇವೆ. ಪಾದರಸವು ಮುಖ್ಯ ಗುಂಪಿನ ಹೊಸ್ತಿಲಲ್ಲಿ ನಿಂತ ಧಾತು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಆಚಾರ್ಯ ಪ್ರಫುಲ್ಲಚಂದ್ರ ರಾಯರು ೧೮೯೬ರಲ್ಲಿ ಮರ್ಕ್ಯುರಸ್ ನೈಟ್ರೈಟ್ ಎಂಬ ಲವಣವನ್ನು ಪ್ರಕಟಿಸಿ ಕೀರ್ತಿ ಪಡೆದುದು ವಾಚಕರಿಗೆ ತಿಳಿದೇ ಇದೆ. ಅದರಲ್ಲಿ ಪಾದರಸದ ಅಂಕ ಧನ ಒಂದು. ಎರಡು ಕೈಗಳುಳ್ಳ ಪಾದರಸಕ್ಕೆ ಒಂದೇ ಅಂಕ ಹೇಗೆ ಬಂತು? ಇಲ್ಲಿ ಪಾದರಸದ ಪರಮಾಣುಗಳು ಎರಡೆರಡಾಗಿ ಕೈಹಿಡಿದು ನಿಂತಿವೆ. ಒಂದು ಕೈ ಜೊತೆಗಾರನಿಗೆ, ಇನ್ನೊಂದು ಹೊರಗಿನವನಿಗೆ. ಜೊತೆಗಾರರ ನಡುವಣ ಜೋಡಿ ಸರಿಪಾಲಾಗುವುದರಿಂದ ಅದು ಖಾತೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಬಂಧ ನಿಜ, ಖಾತೆಯಲ್ಲಿ ಮಾತ್ರ ಶೂನ್ಯ.

ಮೂರನೆಯ ಬಗೆ ಬೋರಾನಿನದು. ಡೈಬೋರೇನ್ ಎಂಬ ವಾಯುವಿನ ಅಣುವಿನಲ್ಲಿ ಎರಡು ಬೋರಾನ್, ಆರು ಜಲಜನಕ ಪರಮಾಣುಗಳಿವೆ. ಅವುಗಳನ್ನು ಈಥೇನಿನಂತೆ ಏಳು ಬಂಧಗಳಿಂದ ಕಟ್ಟಬೇಕಾದರೆ ಹದಿನಾಲ್ಕು ಇಲೆಕ್ಟ್ರಾನುಗಳು ಬೇಕು, ಇರುವುದು ಹನ್ನೆರಡು. ಎರಡು ಜಲಜನಕಗಳು ಎರಡು ಬೋರಾನುಗಳ ನಡುವೆ ಸೇತುವೆಯಾಗಿ ನಿಂತು, ಒಂದೊಂದು ಜೋಡಿಯು ಮೂರು ಮೂರು ಪರಮಾಣುಗಳನ್ನು ಹಿಡಿದಿಟ್ಟಿದೆಯೆಂಬ ಸಮಾಧಾನವನ್ನು ಆಕ್ಸ್‌ಫರ್ಡಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಲಾಂಗೆಟ್-ಹಿಗಿನ್ಸನು ತನ್ನ ಅಧ್ಯಾಪಕನಾದ ಬೆಲ್‌ನೊಡನೆ ೧೯೪೩ರಲ್ಲಿ ಬಲವಾಗಿ ಪ್ರತಿಪಾದಿಸಿದನು. ಬೋರಾನ್ ಸಂಯುಕ್ತಗಳ ರಚನೆಯನ್ನು ಬಿಡಿಸಿದುದಕ್ಕಾಗಿ ವಿಲಿಯಂ ಲಿಪ್ಸ್‌ಕಾಂಬ್‌ಗೆ ೧೯೭೬ರ ನೊಬೆಲ್ ಪಾರಿತೋಷಕ ದೊರೆಯಿತು. ಹಲವು ಬೋರಾನ್ ಗೂಡುಗಳು ಒಂದಕ್ಕೊಂದು ಬೆಸೆದುಕೊಂಡಲ್ಲಿ ಎಷ್ಟು ಜೋಡಿ ಇಲೆಕ್ಟ್ರಾನುಗಳು ಬೇಕಾಗುವುವೆಂಬ ಸಾಮಾನ್ಯ ಸೂತ್ರವನ್ನು ೨೦೦೧ರಲ್ಲಿ ಕೊಟ್ಟವರು ಆಗ ಹೈದರಾಬಾದು ವಿಶ್ವವಿದ್ಯಾನಿಲಯದಲ್ಲಿದ್ದು ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದ ಪ್ರೊಫೆಸರ್ ಜೆಮ್ಮಿಸ್ ಅವರು ಮತ್ತು ಅವರ ಸಹೋದ್ಯೋಗಿಗಳು. ಡೈಬೋರೇನಿನಲ್ಲಿ ಉತ್ಕರ್ಷಣಾಂಕಗಳು ಕ್ರಮವಾಗಿಯೇ ಇವೆ: ಬೋರಾನಿಗೆ ಧನ ಮೂರು, ಜಲಜನಕಕ್ಕೆ ಋಣ ಒಂದು. ಅಪೂರ್ವವಾದುದು ಬಂಧ, ಖಾತೆಗೆ ಅದರ ಸುಳಿವೇ ಇಲ್ಲ.

೩

ಇನ್ನು ನಿಯಮದ ವಿಷಯ. ಇಂಗಾಲದ ಪರಮಾಣುಗಳು ತಮ್ಮತಮ್ಮಲ್ಲಿ ದ್ವಿಬಂಧ ತ್ರಿಬಂಧಗಳನ್ನು ಸುಲಭವಾಗಿ ಕಟ್ಟಿಕೊಳ್ಳುತ್ತವೆ. ಆವರ್ತಕೋಷ್ಟಕದಲ್ಲಿ ಇಂಗಾಲದ ಕೆಳಗಿರುವ ಸಿಲಿಕಾನ್, ಜರ್ಮೇನಿಯಂ, ತವರ, ಸೀಸಗಳೂ, ಸಾರಜನಕದ ಕೆಳಗಿರುವ ರಂಜಕ, ಆರ್ಸೆನಿಕ್‌ಗಳೂ ಹಾಗೆಯೇ ಮಾಡಬೇಕಲ್ಲವೆ? ಹಾಗೆಂದೇ ಹಿಂದಿನವರು ನಂಬಿದ್ದರು. ೧೯೧೦ರಲ್ಲಿ ಫಿರಂಗಿ ರೋಗಕ್ಕೆ ದಿವ್ಯೌಷಧವಾಗಿ ಬಂದ ಸಾಲ್ವರ್ಸಾನ್ ಇದಕ್ಕೆ ನಿದರ್ಶನ. ಪಾಲ್ ಎರ್ಲಿಕ್ ಮತ್ತು ಸಹಾಚಿರೋ ಹಾತಾ ಇವರ ಪ್ರಯತ್ನದಿಂದ ದೊರೆತ ಈ ಔಷಧದಲ್ಲಿ ಎರಡು ಆರ್ಸೆನಿಕ್ ಪರಮಾಣುಗಳ ನಡುವೆ ದ್ವಿಬಂಧವನ್ನು ಬರೆಯುವುದು ರೂಢಿಯಾಯಿತು. ಪಠ್ಯಪುಸ್ತಕಗಳಲ್ಲಿ ದಶಕಗಟ್ಟಲೆ ಆ ಚಿತ್ರವೇ ನಿಂತಿತು. ೨೦೦೫ರಲ್ಲಿ ನವೀನ ಉಪಕರಣಗಳಿಂದ ಪರೀಕ್ಷಿಸಿದಾಗ ಅದರಲ್ಲಿದ್ದುದು ಮೂರು ಅಥವಾ ಐದು ಆರ್ಸೆನಿಕ್ ಪರಮಾಣುಗಳು ಏಕಬಂಧಗಳಿಂದ ಕೂಡಿದ ಬಳೆಗಳೆಂದು ಕಂಡುಬಂತು. ದ್ವಿಬಂಧವೆಂದು ಬರೆದರೂ ಬಳೆಯೆಂದು ಬರೆದರೂ ಆರ್ಸೆನಿಕ್ಕಿನ ಉತ್ಕರ್ಷಣಾಂಕ ಧನ ಒಂದೇ. ಖಾತೆ ಎರಡು ಚಿತ್ರಗಳಿಗೂ ತಾಳೆಯಾದುದರಿಂದ ಅದನ್ನು ನೋಡಿ ತಪ್ಪನ್ನು ಹಿಡಿಯುವುದು ಯಾರಿಗೂ ಸಾಧ್ಯವಿರಲಿಲ್ಲ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಕಿಪ್ಪಿಂಗನು ಸಿಲಿಕಾನಿನ ವಿಷಯದಲ್ಲಿ ದಶಕಗಳ ಕಾಲ ಶ್ರಮಿಸಿದನು. ಇಂಗಾಲಕ್ಕೂ ಆಮ್ಲಜನಕಕ್ಕೂ ನಡುವೆ ದ್ವಿಬಂಧವುಳ್ಳ ಕೀಟೋನುಗಳ ಮಾದರಿಯಲ್ಲಿ ಸಿಲಿಕಾನಿನ ಕೀಟೋನುಗಳನ್ನು ಪಡೆಯಬೇಕೆಂಬುದು ಅವನ ಆಸೆ. ಸಿಲಿಕೋನ್ ಎಂಬ ಹೆಸರು ಹುಟ್ಟಿದುದು ಆ ಆಸೆಯಿಂದಲೇ. ಅವನಿಗೆ ದೊರೆತುದೆಲ್ಲ ಸಿಲಿಕಾನೂ ಆಮ್ಲಜನಕವೂ ಏಕಬಂಧಗಳಿಂದ ಸರಪಣಿಯಾಗಿ ಹೆಣೆದುಕೊಂಡ ಎಣ್ಣೆ ಅಂಟುಗಳು. ೧೯೩೦ರ ದಶಕದಲ್ಲಿ ರಾಯಲ್ ಸೊಸೈಟಿಯಲ್ಲಿ ಮಾಡಿದ ಉಪನ್ಯಾಸದಲ್ಲಿ ಅವನು ಈ ಶಾಖೆಯ ಭವಿಷ್ಯದ ಬಗೆಗೆ ನಿರಾಶೆಯನ್ನೇ ವ್ಯಕ್ತಪಡಿಸಿದನು.

ಹೀಗೆ ಕೂಡಿಬಂದ ಸೋಲುಗಳಿಂದ ಒಂದು ನಿಯಮ ರೂಪುಗೊಂಡಿತು. ಆವರ್ತಕೋಷ್ಟಕದ ಎರಡನೆಯ ಅಡ್ಡಸಾಲಿನ ಕೆಳಗಿರುವ ಧಾತುಗಳು ತಮ್ಮೊಳಗೂ ಇತರರೊಡನೆಯೂ ದ್ವಿಬಂಧ ತ್ರಿಬಂಧಗಳನ್ನು ಕಟ್ಟಲಾರವು ಎಂಬುದೇ ಆ ನಿಯಮ. ಕೆನೆತ್ ಪಿಟ್ಜರನು ೧೯೪೮ರಲ್ಲಿ, ರಾಬರ್ಟ್ ಮುಲ್ಲಿಕನನು ೧೯೫೦ರಲ್ಲಿ ತಮ್ಮತಮ್ಮ ರೀತಿಯಲ್ಲಿ ಇದಕ್ಕೆ ಕಾರಣಗಳನ್ನು ನಿರೂಪಿಸಿದರು. ದೊಡ್ಡ ಪರಮಾಣುಗಳ ಒಳಪದರಗಳಲ್ಲಿರುವ ಇಲೆಕ್ಟ್ರಾನುಗಳು ಪರಸ್ಪರ ವಿಕರ್ಷಿಸುವುದರಿಂದ ಅವು ದ್ವಿಬಂಧಕ್ಕೆ ಬೇಕಾದಷ್ಟು ಹತ್ತಿರ ಬರಲಾರವೆಂಬುದು ಪಿಟ್ಜರನ ವಾದ. ಒಟ್ಟಿನಲ್ಲಿ ಈ ಧಾತುಗಳಿಗೆ ಒಂದು ದ್ವಿಬಂಧಕ್ಕಿಂತ ಎರಡು ಏಕಬಂಧಗಳೇ ಹೆಚ್ಚು ಲಾಭಕರ. ಸೋಲಿಗೆ ಶಾಸ್ತ್ರದ ಬೆಂಬಲವೂ ದೊರೆತ ಮೇಲೆ ಪ್ರಯತ್ನಿಸುವವರು ಕಡಿಮೆಯಾದುದರಲ್ಲಿ ಆಶ್ಚರ್ಯವಿಲ್ಲ.

ಇಂಥ ನಿಯಮಗಳ ಬಗೆಗೆ ಎಚ್ಚರಿಕೆಯ ಗಂಟೆ ಬಾರಿಸಿದುದು ೧೯೬೨ರಲ್ಲಿ. ಜಡಾನಿಲಗಳು ಯಾವುದರೊಡನೆಯೂ ಕೂಡಲಾರವೆಂಬುದು ಅದುವರೆಗಿನ ನಂಬಿಕೆ. ಕೆನಡದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿದ್ದ ನೀಲ್ ಬಾರ್ಟ್ಲೆಟ್ಟನು ಪ್ಲಾಟಿನಂ ಹೆಕ್ಸಾಫ್ಲೋರೈಡು ಆಮ್ಲಜನಕದ ಅಣುವಿನಿಂದಲೇ ಒಂದು ಇಲೆಕ್ಟ್ರಾನನ್ನು ಕಿತ್ತುಕೊಳ್ಳುವುದನ್ನು ಕಂಡನು. ಜೆನಾನ್ ಎಂಬ ಜಡಾನಿಲದಿಂದ ಇಲೆಕ್ಟ್ರಾನನ್ನು ಕೀಳುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಸಾಕೆಂಬುದು ಅವನ ಗಮನಕ್ಕೆ ಬಂತು. ಎರಡು ವಾಯುಗಳನ್ನು ಬೆರೆಸಿದೊಡನೆ ಕಿತ್ತಳೆ-ಹಳದಿ ಬಣ್ಣದ ಘನವಸ್ತು ಹುಟ್ಟಿತು. ಹೋಲಿಕೆಗೆ ಬೇಕಾದ ಅಂಕೆಗಳು ಆಗಲೇ ಗ್ರಂಥಗಳಲ್ಲಿದ್ದವು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವನು ಅವನು.

೪

ದ್ವಿಬಂಧದ ನಿಯಮವನ್ನು ಮುರಿದವರು ಮಾಡಿದ ವಿವೇಚನೆ ಬಹು ಸರಳವಾದುದು. ಆಗದು ಎಂಬುದು ಒಂದು ಮಾತು, ಆಗಿ ಉಳಿಯದು ಎಂಬುದು ಇನ್ನೊಂದು ಮಾತು. ಸಿಲಿಕಾನಿನ ದ್ವಿಬಂಧ ಹುಟ್ಟುವುದೇ ಇಲ್ಲವೋ, ಅಥವಾ ಹುಟ್ಟಿದೊಡನೆ ನೆರೆಯ ಅಣುವಿನೊಡನೆ ಬೆಸೆದು ಏಕಬಂಧಗಳ ಸರಪಣಿಯಾಗುವುದೋ? ಎರಡನೆಯದೇ ನಿಜವಾದರೆ ನೆರೆಯನ್ನು ದೂರವಿಟ್ಟರೆ ಸಾಕು. ಎಳೆಯ ಸಸಿಯ ಸುತ್ತ ಬೇಲಿ ಕಟ್ಟುವ ಹಾಗೆ, ದ್ವಿಬಂಧದ ಎರಡು ಕಡೆಗಳಲ್ಲಿಯೂ ಇಂಗಾಲ ಜಲಜನಕಗಳ ದಟ್ಟವಾದ ಕೊಂಬೆಗುಂಪುಗಳನ್ನು ನೆಟ್ಟರೆ ಎರಡು ಅಣುಗಳು ಒಂದನ್ನೊಂದು ಮುಟ್ಟಲಾರವು. ಇದರ ಜೊತೆಗೆ ಗಾಳಿಯ ಮತ್ತು ತೇವದ ಸೋಂಕಿಲ್ಲದಂತೆ ಕೆಲಸ ಮಾಡುವ ಸಾಧನಗಳೂ, ಕ್ಷಕಿರಣಗಳಿಂದ ಹರಳಿನೊಳಗಣ ಪರಮಾಣುಗಳ ಸ್ಥಾನವನ್ನು ನಿರ್ಣಯಿಸುವ ವಿಧಾನಗಳೂ ಪ್ರಬುದ್ಧವಾದುದು ಸಕಾಲಿಕವಾಯಿತು.

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಮೈಕೇಲ್ ಲ್ಯಾಪರ್ಟನೂ ಅವನ ಸಂಗಡಿಗರೂ ೧೯೭೩ರಲ್ಲಿ ಎರಡೇ ಗುಂಪುಗಳನ್ನು ಹೊತ್ತ ತವರದ ಒಂದು ಸಂಯುಕ್ತವನ್ನು ಪ್ರಕಟಿಸಿದರು. ಅದರ ಹರಳಿನಲ್ಲಿ ತವರದ ಪರಮಾಣುಗಳು ಎರಡೆರಡಾಗಿ ಕೂಡಿರುವುದು ೧೯೭೬ರಲ್ಲಿ ಸಿದ್ಧವಾಯಿತು. ಅನಂತರ ೧೯೮೧ನೆಯ ಇಸವಿ ಈ ಶಾಖೆಗೆ ಸುಗ್ಗಿಯ ವರ್ಷ. ಟೊರಾಂಟೊದಲ್ಲಿ ಏಡ್ರಿಯನ್ ಬ್ರೂಕನು ಸಿಲಿಕಾನ್-ಇಂಗಾಲಗಳ ನಡುವೆ, ವಿಸ್ಕಾನ್ಸಿನ್‌ನಲ್ಲಿ ರಾಬರ್ಟ್ ವೆಸ್ಟನು ಸಿಲಿಕಾನ್-ಸಿಲಿಕಾನ್‌ಗಳ ನಡುವೆ, ಟೋಕಿಯೊದಲ್ಲಿ ಮಸಾಕಿ ಯೋಶಿಫುಜಿಯು ರಂಜಕ-ರಂಜಕಗಳ ನಡುವೆ ಸ್ಥಿರವಾದ ದ್ವಿಬಂಧಗಳನ್ನು ಒಂದೇ ವರ್ಷದಲ್ಲಿ ಪ್ರಕಟಿಸಿದರು. ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ರಂಜಕದ ಏಕಬಂಧದ ಉದ್ದ ಸುಮಾರು ೨.೨ ಆಂಗ್‌ಸ್ಟ್ರಾಮ್, ಯೋಶಿಫುಜಿಯ ಹರಳಿನಲ್ಲಿ ಅದು ೨.೦೩. ಪರಮಾಣುಗಳು ಹತ್ತಿರ ಬರಲಾರವೆಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಆದರೆ ಈ ಹೊಸ ಬಂಧಗಳು ಇಂಗಾಲದ ಬಂಧಗಳ ಪಡಿಯಚ್ಚುಗಳಲ್ಲವೆಂಬುದು ಬೇಗನೆ ತಿಳಿಯಿತು. ಇಂಗಾಲದ ದ್ವಿಬಂಧವುಳ್ಳ ಎಥಿಲೀನ್ ಅಣುವು ಹಾಸಿದ ಹಲಗೆಯಂತೆ ಚಪ್ಪಟೆ. ಲ್ಯಾಪರ್ಟನ ತವರದ ಅಣುವಿನಲ್ಲಿ ಒಂದು ತುದಿ ಮೇಲಕ್ಕೂ ಇನ್ನೊಂದು ತುದಿ ಕೆಳಕ್ಕೂ ಬಾಗಿತ್ತು. ಕಾರಣವೇನೆಂದರೆ, ಭಾರವಾದ ಧಾತುಗಳು ತಮ್ಮ ಹೊರಪದರದ ಒಂದು ಜೋಡಿ ಇಲೆಕ್ಟ್ರಾನುಗಳನ್ನು ಬಂಧಕ್ಕೆ ಕೊಡಲು ಹಿಂದೆಗೆಯುತ್ತವೆ. ತವರದ ಒಂದೊಂದು ಪರಮಾಣುವಿನಲ್ಲಿಯೂ ಇಂಥ ಒಂದು ಒಂಟಿ ಜೋಡಿಯೂ ಒಂದು ಖಾಲಿ ಸ್ಥಾನವೂ ಇವೆ. ಈ ಪರಮಾಣು ತನ್ನ ಜೋಡಿಯನ್ನು ಆ ಪರಮಾಣುವಿನ ಖಾಲಿ ಸ್ಥಾನದ ಕಡೆಗೆ ಚಾಚುತ್ತದೆ. ಅದು ಇದರ ಕಡೆಗೆ ಚಾಚುತ್ತದೆ. ಇಬ್ಬರು ನೆರೆಯವರು ಒಬ್ಬರಿಗೊಬ್ಬರು ಕೈಗಡ ಕೊಟ್ಟಂತೆ. ಎರಡು ಕೈಗಡಗಳಿದ್ದರೂ ಖಾತೆಯಲ್ಲಿ ವಜಾ ಆಗಿ ಏನೂ ತೋರುವುದಿಲ್ಲ. ನೆರೆಹೊರೆ ಮಾತ್ರ ಗಟ್ಟಿಯಾಗಿರುತ್ತದೆ.

ತ್ರಿಬಂಧಗಳಲ್ಲಿ ಈ ಬಾಗು ಇನ್ನೂ ಸ್ಪಷ್ಟ. ಅಸಿಟಿಲೀನ್ ಅಣುವು ಸರಳರೇಖೆ. ಜಪಾನಿನ ತ್ಸುಕುಬಾದಲ್ಲಿ ಅಕಿರಾ ಸೆಕಿಗುಚಿಯು ೨೦೦೪ರಲ್ಲಿ ಪ್ರಕಟಿಸಿದ ಸಿಲಿಕಾನಿನ ತ್ರಿಬಂಧದ ಪಚ್ಚೆಬಣ್ಣದ ಹರಳಿನಲ್ಲಿ ಕೋನವು ಸುಮಾರು ೧೩೭ ಡಿಗ್ರಿ. ಕ್ಯಾಲಿಫೋರ್ನಿಯದ ಡೇವಿಸಿನಲ್ಲಿ ಫಿಲಿಪ್ ಪವರನು ೨೦೦೦ದಲ್ಲಿ ಪ್ರಕಟಿಸಿದ ಸೀಸದ ಸಂಯುಕ್ತದಲ್ಲಿ ಅದು ಲಂಬಕೋನಕ್ಕೆ ಸಮೀಪ. ಅಲ್ಲಿ ಉಳಿದುದು ವಸ್ತುತಃ ಏಕಬಂಧ, ಒಂದೊಂದು ಸೀಸದ ಬಳಿ ಒಂದೊಂದು ಒಂಟಿ ಜೋಡಿ. ಹೀಗೆ ಸಿಲಿಕಾನಿನಿಂದ ಸೀಸಕ್ಕೆ ಇಳಿಯುತ್ತಾ ಹೋದಂತೆ ಬಂಧವು ಮೂರರಿಂದ ಒಂದರ ಕಡೆಗೆ ಮೆಲ್ಲಮೆಲ್ಲನೆ ಜಾರುತ್ತದೆ. ಏಕ, ದ್ವಿ, ತ್ರಿ ಎಂಬ ನಮ್ಮ ವಿಂಗಡಣೆಯ ಗೆರೆಗಳನ್ನು ನಿಸರ್ಗವು ಎಳೆದಿಲ್ಲ.

ಆಚಾರ್ಯ ರಾಯರ ಪಾದರಸದ ದಾರಿಯನ್ನು ಹಿಡಿದ ಧಾತುಗಳೂ ಇವೆ. ಸತುವಿನ ಅಂಕ ಎಂದೆಂದಿಗೂ ಎರಡೆಂದು ನಂಬಿದ್ದ ಕಾಲದಲ್ಲಿ, ಸ್ಪೇನ್ ದೇಶದ ಸೆವಿಲ್ಯದಲ್ಲಿ ಎರ್ನೆಸ್ಟೊ ಕಾರ್ಮೋನನು ೨೦೦೪ರಲ್ಲಿ ಎರಡು ಸತುಗಳು ಕೈಹಿಡಿದ ಅಣುವನ್ನು ಪಡೆದನು. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದ ಕ್ಯಾಮರಾನ್ ಜೋನ್ಸನೂ ಅವನ ಸಂಗಡಿಗರೂ ೨೦೦೭ರಲ್ಲಿ ಮೆಗ್ನೀಸಿಯಂನಲ್ಲಿಯೂ ಅದನ್ನು ಸಾಧಿಸಿದರು. ಎರಡೂ ಕಡೆ ಅಂಕ ಧನ ಒಂದು.

೫

ಬೇಲಿಯೊಳಗೆ ಮಾತ್ರ ಬದುಕುವ ಈ ಅಣುಗಳಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಕೈಗಾರಿಕೆಯಲ್ಲಿ ಜಲಜನಕದ ಅಣುವನ್ನು ಸೀಳಿ ಇನ್ನೊಂದು ವಸ್ತುವಿಗೆ ಸೇರಿಸಬೇಕಾದರೆ ನಿಕ್ಕಲ್, ಪಲ್ಲಾಡಿಯಂ, ರೋಡಿಯಂ, ಪ್ಲಾಟಿನಂ ಮೊದಲಾದ ಸಂಕ್ರಮಣ ಲೋಹಗಳು ವೇಗವರ್ಧಕಗಳಾಗಿ ಬೇಕು. ಇವುಗಳಲ್ಲಿ ಹಲವು ದುರ್ಲಭ, ದುಬಾರಿ. ಈ ಲೋಹಗಳ ಗುಟ್ಟೇನೆಂದರೆ ಅವುಗಳಲ್ಲಿ ಕೊಡಲು ಇಲೆಕ್ಟ್ರಾನುಗಳೂ ಪಡೆಯಲು ಖಾಲಿ ಸ್ಥಾನವೂ ಸಮೀಪದಲ್ಲಿಯೇ ಇರುತ್ತವೆ. ಮೇಲೆ ಹೇಳಿದ ತವರ, ಜರ್ಮೇನಿಯಂಗಳ ಅಣುಗಳಲ್ಲಿಯೂ ಇರುವುದು ಅದೇ ಅಲ್ಲವೆ?

೨೦೦೫ರಲ್ಲಿ ಪವರನ ಪ್ರಯೋಗಶಾಲೆಯಲ್ಲಿ ಜರ್ಮೇನಿಯಂನ ತ್ರಿಬಂಧಸದೃಶ ಸಂಯುಕ್ತವೊಂದು ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ, ಸಾಮಾನ್ಯ ಒತ್ತಡದಲ್ಲಿ ಜಲಜನಕವನ್ನು ಸೀಳಿತು. ೨೦೦೬ರಲ್ಲಿ ಕೆನಡದ ಡಗ್ಲಾಸ್ ಸ್ಟೀಫನನು ರಂಜಕ, ಬೋರಾನ್‌ಗಳೆರಡೂ ಇದ್ದು, ಬೇಲಿಯ ಕಾರಣದಿಂದ ಪರಸ್ಪರ ಕೂಡಲಾರದ ಅಣುವೊಂದು ಜಲಜನಕವನ್ನು ಸೀಳುವುದನ್ನೂ, ಕಾಯಿಸಿದಾಗ ಮರಳಿ ಬಿಟ್ಟುಕೊಡುವುದನ್ನೂ ತೋರಿಸಿದನು. ೨೦೦೭ರಲ್ಲಿ ಗೀ ಬೆರ್ತ್ರಾನನು ಎರಡೇ ಬಂಧಗಳುಳ್ಳ ಒಂದೇ ಒಂದು ಇಂಗಾಲದ ಪರಮಾಣು ಜಲಜನಕವನ್ನೂ ಅಮೋನಿಯವನ್ನೂ ಸೀಳಬಲ್ಲದೆಂದು ಸಾಧಿಸಿದನು. ೨೦೧೮ರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ಹೋಲ್ಗರ್ ಬ್ರೌನ್‌ಶ್ವೈಗನ ತಂಡದವರು ಬೋರಾನಿನ ಅಪೂರ್ವ ಸಂಯುಕ್ತವೊಂದರಿಂದ ಗಾಳಿಯ ಸಾರಜನಕವನ್ನೇ ಹಿಡಿದರು. ಗೊಬ್ಬರದ ಅಮೋನಿಯಕ್ಕಾಗಿ ಸಾರಜನಕವನ್ನು ಹಿಡಿಯಲು ಕಾರ್ಖಾನೆಗಳಲ್ಲಿ ಕಬ್ಬಿಣದ ವೇಗವರ್ಧಕವೂ ನಾನೂರು ಡಿಗ್ರಿಗೂ ಮೀರಿದ ಶಾಖವೂ ನೂರಾರು ಪಾಲು ಒತ್ತಡವೂ ಬೇಕಾಗುವುದನ್ನು ನೆನೆದರೆ ಇದರ ಮಹತ್ವ ತಿಳಿದೀತು.

ಆದರೂ ಅತಿಯಾಸೆ ಸಲ್ಲದು. ವೇಗವರ್ಧಕವೆನಿಸಿಕೊಳ್ಳಬೇಕಾದರೆ ಹಿಡಿದರೆ ಸಾಲದು, ಬಿಡಲೂ ಬೇಕು. ಬಿಟ್ಟು ಮತ್ತೆ ಹಿಡಿಯಲು ಸಿದ್ಧವಾಗಬೇಕು. ಸಾಲ ಕೊಟ್ಟ ಹಣ ಮರಳಿ ಬಂದು ಮತ್ತೆ ಸಾಲವಾಗಿ ಹೋಗದಿದ್ದರೆ ಬ್ಯಾಂಕು ನಡೆಯುವುದಿಲ್ಲ. ಮುಖ್ಯ ಗುಂಪಿನ ಧಾತುಗಳು ಒಮ್ಮೆ ಹೆಚ್ಚಿನ ಉತ್ಕರ್ಷಣಾಂಕಕ್ಕೆ ಏರಿದವೆಂದರೆ ಕೆಳಗಿಳಿಯಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸ್ಟೀಫನನ ಮಾರ್ಗದಲ್ಲಿ ಈ ತೊಡಕು ಬಹುಮಟ್ಟಿಗೆ ನೀಗಿ ನಿಜವಾದ ವೇಗವರ್ಧಕಗಳು ಬಂದಿವೆ; ಉಳಿದ ಮಾರ್ಗಗಳಲ್ಲಿ ಸಂಶೋಧನೆಯ ಬಹುಪಾಲು ಈ ತೊಡಕಿನ ಸುತ್ತಲೇ ನಡೆಯುತ್ತಿದೆ.

ಇಷ್ಟರಿಂದ ಹಳೆಯ ನಿಯಮಗಳೆಲ್ಲ ಸುಳ್ಳೆಂದೂ, ಉತ್ಕರ್ಷಣಾಂಕವನ್ನು ಕೈಬಿಡಬೇಕೆಂದೂ ಹೇಳಿದಂತಾಗಲಿಲ್ಲ. ಬೇಲಿಯಿಲ್ಲದ ಬಯಲಿನಲ್ಲಿ ಸಿಲಿಕಾನು ಇಂದಿಗೂ ಏಕಬಂಧಗಳನ್ನೇ ಆರಿಸಿಕೊಳ್ಳುತ್ತದೆ. ಕಿಪ್ಪಿಂಗನು ಬೇಸತ್ತ ಅಂಟುಗಳೇ ೧೯೪೦ರ ದಶಕದಿಂದೀಚೆಗೆ ಸಿಲಿಕೋನ್ ಎಂಬ ದೊಡ್ಡ ಕೈಗಾರಿಕೆಯಾದುದು ಆ ನಿಯಮದ ಬಲದಿಂದಲೇ. ಲೆಕ್ಕದ ಪುಸ್ತಕವಿಲ್ಲದೆ ರಸಾಯನಶಾಸ್ತ್ರಜ್ಞನಿಗೂ ದಾರಿಯಿಲ್ಲ. ಆದರೆ ಪುಸ್ತಕದಲ್ಲಿ ನಮೂದಿಲ್ಲದುದು ಲೋಕದಲ್ಲಿಯೂ ಇಲ್ಲವೆಂದು ತೀರ್ಮಾನಿಸುವ ಮುನ್ನ, ಅದು ಆಗದೆ ಹೋಯಿತೋ ಉಳಿಯದೆ ಹೋಯಿತೋ ಎಂದು ಒಮ್ಮೆ ಕೇಳಿಕೊಳ್ಳುವುದು ಲೇಸು. ಸಿಲಿಕಾನಿನ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ದೊರೆಯುವ ಹೊತ್ತಿಗೆ ಕಿಪ್ಪಿಂಗನು ಗತಿಸಿ ಮೂವತ್ತೆರಡು ವರ್ಷಗಳಾಗಿದ್ದವು.